ಅಪ್ಪ ಕೊನೇಲಿ ಅಳಬೇಕಾ? ಅದಕ್ಕೂ ಮೊದಲು ಸ್ಟೇರಿಂಗ್ ಯಾರ ಕೈಲಿದೆ ನೋಡಿ

ರಿಟೈರ್ ಆದ ಬಿಎಂಟಿಸಿ ಡ್ರೈವರ್ ಅಪ್ಪ, ಐಟಿ ಮಗ, ಬೆಂಗಳೂರಿಂದ ಧರ್ಮಸ್ಥಳಕ್ಕೆ ಕಾರಲ್ಲಿ ಪ್ರಯಾಣ, 25 ನಿಮಿಷದ ಕಿರುಚಿತ್ರ. ಕೊನೇಲಿ ನೇತ್ರಾವತಿ ದಡದಲ್ಲಿ ಅಪ್ಪ ಅತ್ತು ಕ್ಷಮೆ ಕೇಳ್ತಾರೆ, ಅದನ್ನ ಮೆಲೋಡ್ರಾಮಾ ಆಗದ ಹಾಗೆ ಬರೆಯೋದು ಹೇಗೆ ಅಂತ ಕೇಳಿದ್ದೀರಿ. ಈ ಸ್ಕ್ರಿಪ್ಟ್ ನನಗೆ ಚೆನ್ನಾಗಿ ಗೊತ್ತು, ಇದರ ಅಣ್ಣನಂಥದ್ದೊಂದು ನನ್ನ ಡ್ರಾಯರ್‌ನಲ್ಲೂ ಇದೆ. ಆ ಅಳುವನ್ನ ತೆಗೆದುಬಿಡಿ. ಎಷ್ಟು ಹದವಾಗಿ ಬರೆದರೂ ಅದು ಮಗನ ಗೆಲುವಾಗುತ್ತೆ.

ಅಪ್ಪ-ಮಗನ ಪ್ರಯಾಣದ ಕಥೆಗಳು ಹೆಚ್ಚಾಗಿ ಮುಗ್ಗರಿಸೋದು ಒಂದೇ ಜಾಗದಲ್ಲಿ: ಮಗನನ್ನ ಜಡ್ಜ್ ಮಾಡಿ ಕೂರಿಸಿಬಿಡ್ತೀವಿ. ಸಿಟ್ಟು, ಹಟ, ಮೌನ ಎಲ್ಲ ಅಪ್ಪನ ಪಾಲಿಗೆ, ಮಗನಿಗೆ ಬರೀ ನೋವು. ಗಂಡಸುತನ ಅನ್ನೋ ಕಾಯಿಲೆ ಅಪ್ಪನಿಗೆ ಮಾತ್ರ ಬಂದಿದೆ, ಮಗ ಅದನ್ನ ಪರೀಕ್ಷೆ ಮಾಡೋ ಡಾಕ್ಟರು ಅನ್ನೋ ಹಾಗೆ. ಆದರೆ ನಿಮ್ಮ ಕಥೇಲಿ ಕಾರು ಓಡಿಸ್ತಿರೋದು ಯಾರು? ಮಗ. ಹೋಟೆಲ್ ಬಿಲ್ ಕೊಡೋದು? ಅವನೇ. ಎಲ್ಲಿ ನಿಲ್ಲಿಸಬೇಕು, ಎಸಿ ಎಷ್ಟಿರಬೇಕು, ಯಾವ ಹಾಡು ಹಾಕಬೇಕು, ಎಲ್ಲಾ ಅವನದೇ ತೀರ್ಮಾನ. ಅಪ್ಪ ಅಷ್ಟು ವರ್ಷ ಮನೇಲಿ ನಡೆಸಿದ ದರ್ಬಾರನ್ನೇ ಮಗ ಈಗ ನಾಲ್ಕು ಚಕ್ರದ ಮೇಲೆ ನಡೆಸ್ತಿದ್ದಾನೆ. ಬರೆಯೋರಿಗೆ ಇದು ಕಾಣಲ್ಲ, ಯಾಕಂದ್ರೆ ನಾವು ಬರೆಯೋದೇ ಮಗನ ಸೀಟಲ್ಲಿ ಕೂತು. ನಾಲ್ಕು ಸಲ ತಿದ್ದಿದರೂ ಅಪ್ಪನ ಡೈಲಾಗ್ ಬದಲಾಗುತ್ತೆ ಹೊರತು ಮಗ ಹಾಗೇ ಇರ್ತಾನೆ. ಎಲ್ಲೂ ಸೋಲದ, ಯಾರಿಗೂ ಏನೂ ಬಾಕಿ ಇಲ್ಲದ ಮಗನ ಎದುರು ಅಪ್ಪ ಅತ್ತರೆ ನೋಡೋರಿಗೆ ಅದು ವಸೂಲಿ ಥರ ಕಾಣುತ್ತೆ.

ಹಾಗಾಗಿ ಒಂದು ಕೆಲಸ ಮಾಡಿ. ಪ್ರತಿ ಸೀನಿನ ಅಂಚಲ್ಲಿ ಬರ್ಕೊಳ್ಳಿ: ಸ್ಟೇರಿಂಗ್ ಯಾರ ಹತ್ರ, ದುಡ್ಡು ಯಾರ ಹತ್ರ, ದಾರಿ ಯಾರಿಗೆ ಗೊತ್ತು, ನಿಲ್ಲಿಸು ಅನ್ನೋ ಹಕ್ಕು ಯಾರದು. ಸತತ ಮೂರು ಸೀನಲ್ಲಿ ಒಂದೂ ಕೈ ಬದಲಾಗಲಿಲ್ಲ ಅಂದ್ರೆ ಮಾತು ಎಷ್ಟೇ ಚೆನ್ನಾಗಿರಲಿ, ಕಥೆ ನಿಂತಿದೆ ಅಂತ ಲೆಕ್ಕ.

1948ರ ‘ಬೈಸಿಕಲ್ ಥೀವ್ಸ್’ ಅನ್ನ ಈ ಕಣ್ಣಿಂದ ಮತ್ತೆ ನೋಡಿ. ಕೆಲಸಕ್ಕೆ ಬೇಕಾದ ಸೈಕಲ್ ಕಳುವಾಗಿ, ಅದನ್ನ ಹುಡುಕ್ತಾ ಅಪ್ಪ-ಮಗ ಅಲೆಯೋ ಇಟಾಲಿಯನ್ ಸಿನಿಮಾ. ಅದು ಒಂದೇ ಊರೊಳಗಿನ ಅಲೆದಾಟ, ಆದರೂ ಅಪ್ಪ-ಮಗನ ಪ್ರಯಾಣಕ್ಕೆ ಅದಕ್ಕಿಂತ ಒಳ್ಳೆ ಪಾಠ ಇಲ್ಲ. ಅಪ್ಪ ಅಂತೋನಿಯೊ, ಮಗ ಬ್ರೂನೊನ ಕೆನ್ನೆಗೆ ಬಾರಿಸ್ತಾನೆ. ಆಮೇಲೆ ಕ್ಷಮೆ ಕೇಳಲ್ಲ, ಹೋಟೆಲ್ಲಿಗೆ ಕರ್ಕೊಂಡು ಹೋಗ್ತಾನೆ. ಮಗನ ಲೋಟಕ್ಕೂ ವೈನ್ ಸುರಿದು, ನಿಮ್ಮಮ್ಮ ನೋಡಿದ್ರೆ ಏನಂತಾಳೋ ಅಂತಾನೆ. ಇಬ್ಬರು ಗಂಡಸರು ಕೂತ ಹಾಗೆ ಒಂದು ಗಳಿಗೆ. ಪಕ್ಕದ ಟೇಬಲ್‌ನಲ್ಲಿ ಸಾಹುಕಾರರ ಹುಡುಗ ತಿಂತಿದ್ದಾನೆ. ಅಷ್ಟರಲ್ಲೇ ಅಂತೋನಿಯೊ, ಸೈಕಲ್ ಇದ್ದಿದ್ರೆ ಸಂಬಳ ಎಷ್ಟಾಗ್ತಿತ್ತು ಅನ್ನೋ ಲೆಕ್ಕಾನ ಮಗನ ಕೈಲಿ ಬರೆಸ್ತಾನೆ. ಕಾಸು, ಹೊಡೆತ, ಊಟ, ಲೆಕ್ಕ, ಎಲ್ಲಾ ಕೈಯಿಂದ ಕೈಗೆ ಓಡಾಡ್ತಾನೇ ಇರುತ್ತೆ.

ಕೊನೇಲಿ ಟ್ರಾಮ್ ಹತ್ತಿ ಹೋಗು ಅಂತ ಬ್ರೂನೊನ ದೂರ ಕಳಿಸಿ ಅಪ್ಪ ತಾನೇ ಸೈಕಲ್ ಕದೀತಾನೆ. ಹುಡುಗನಿಗೆ ಟ್ರಾಮ್ ತಪ್ಪುತ್ತೆ, ಜನ ಅಪ್ಪನ್ನ ಹಿಡಿಯೋದು ಅವನ ಕಣ್ಣಿಗೇ ಬೀಳುತ್ತೆ. ಕೆಳಗೆ ಬಿದ್ದ ಅಪ್ಪನ ಟೋಪಿನ ಎತ್ಕೊಂಡು ಧೂಳು ಒರೆಸ್ತಾನೆ. ಸೈಕಲ್ ಮಾಲೀಕ ಆ ಹುಡುಗನ್ನ ನೋಡಿಯೇ ದೂರು ಕೈಬಿಡೋದು. ಅಪ್ಪನ ಕಣ್ಣಲ್ಲಿ ನೀರು ಬರುತ್ತೆ, ನಿಜ. ಆದರೆ ಸೀನು ನಿಂತಿರೋದು ಅಪ್ಪನ ಕೈ ಹಿಡ್ಕೊಳ್ಳೋ ಬ್ರೂನೊ ಮೇಲೆ. ಅಪ್ಪನ ಮಾನ ಹೋಗಿದ್ದನ್ನ ನೋಡಿದ ಮಗ ಈಗ ಏನು ಮಾಡ್ತಾನೆ ಅನ್ನೋದೇ ಅಲ್ಲಿ ಮುಖ್ಯ. ನಿಮ್ಮ ಮಗನಿಗೆ ಅಂಥ ಒಂದೇ ಒಂದು ಕೆಲಸ ಕೊಟ್ಟಿಲ್ಲ.

2013ರ ‘ನೆಬ್ರಾಸ್ಕಾ’ದಲ್ಲಿ ಅಪ್ಪ ವುಡಿಗೆ ಮಿಲಿಯನ್ ಡಾಲರ್ ಬಹುಮಾನ ಬಂದಿದೆ ಅನ್ನೋ ಭ್ರಮೆ. ಅವನಿಗೆ ಬೇಕಾಗಿರೋದು ಒಂದು ಟ್ರಕ್ಕು, ಒಂದು ಕಂಪ್ರೆಸರ್. ಕೊನೆಗೆ ಮಗ ಡೇವಿಡ್ ತನ್ನ ಕಾರನ್ನೇ ಕೊಟ್ಟು ಟ್ರಕ್ ತಗೊಂಡು ಅಪ್ಪನ ಹೆಸರಿಗೇ ಮಾಡಿಸ್ತಾನೆ. ಹಳೇ ಊರಿನ ಮುಖ್ಯ ಬೀದೀಲಿ ಅಪ್ಪನೇ ಓಡಿಸಲಿ ಅಂತ ಬಿಟ್ಟು, ಊರವರ ಕಣ್ಣಿಗೆ ಬೀಳದ ಹಾಗೆ ತಾನು ಬಗ್ಗಿ ಕೂರ್ತಾನೆ. ಊರು ದಾಟಿದ ಮೇಲೆ ಸೀಟು ಬದಲಾಯಿಸ್ಕೊಳ್ತಾರೆ. ‘ಐ ಲವ್ ಯೂ ಅಪ್ಪ’ ಅನ್ನೋ ಅಗತ್ಯ ಯಾರಿಗೂ ಬೀಳಲ್ಲ. 2004ರ ‘ಲೆ ಗ್ರಾಂದ್ ವೊಯಾಜ್’ ಇದಕ್ಕೆ ಉಲ್ಟಾ. ಫ್ರಾನ್ಸಿಂದ ಮೆಕ್ಕಾವರೆಗೂ ಮಗನೇ ಡ್ರೈವರ್, ಅಪ್ಪನಿಗೆ ಕಾರು ಓಡಿಸೋಕೆ ಬರಲ್ಲ. ಆದರೂ ಮಗ ನಿದ್ದೆ ಮಾಡ್ತಿರುವಾಗ ಅವನ ಮೊಬೈಲನ್ನ ಅಪ್ಪ ಕಸದ ಡಬ್ಬಿಗೆ ಎಸೀತಾನೆ. ಚಕ್ರ ಒಬ್ಬರದು, ಅಧಿಕಾರ ಇನ್ನೊಬ್ಬರದು. ನಿಮ್ಮ ಕಥೆಗೆ ಹತ್ತಿರ ಇರೋದು ಇದೇ.

ಕ್ಷಮೆ ಬೇಕೇ ಬೇಕು ಅಂತಿದ್ರೆ 1984ರ ‘ಪ್ಯಾರಿಸ್, ಟೆಕ್ಸಾಸ್’ ನೋಡಿ. ಟ್ರಾವಿಸ್ ಹೆಂಡತಿ ಮುಂದೆ ತನ್ನ ತಪ್ಪು ಹೇಳ್ಕೊಳ್ಳೋದು ಗಾಜಿನ ಈಚೆ ಕೂತು, ಫೋನಲ್ಲಿ, ಕುರ್ಚಿ ತಿರುಗಿಸಿ ಬೆನ್ನು ಹಾಕಿ. ಕಾರಲ್ಲಿ ಈ ಅನುಕೂಲ ನಿಮಗೆ ಪುಕ್ಕಟೆ ಸಿಗುತ್ತೆ, ಇಬ್ಬರೂ ರಸ್ತೆ ನೋಡ್ತಾ ಇರ್ತಾರಲ್ಲ. ನೀವು ಆ ಮಾತನ್ನ ಕಾರಿಂದ ಇಳಿಸಿ, ನದಿ ದಡದಲ್ಲಿ ಮುಖಾಮುಖಿ ನಿಲ್ಲಿಸಿ ಕೈಯಾರೆ ಕೆಡಿಸಿದ್ದೀರಿ.

ನಿಮ್ಮ ಸ್ಕ್ರಿಪ್ಟಲ್ಲೇ ಚಿನ್ನ ಬಿದ್ದಿದೆ. ಜೀವನಪೂರ್ತಿ ಬಸ್ ಓಡಿಸಿದ ಮನುಷ್ಯ ಎಡಗಡೆ ಸೀಟಲ್ಲಿ ಕೂತರೆ ಏನು ಮಾಡ್ತಾನೆ? ಪ್ರತಿ ರೋಡ್ ಹಂಪ್‌ಗೂ ಬಲಗಾಲು ಮ್ಯಾಟ್ ಮೇಲೆ ಇಲ್ಲದ ಬ್ರೇಕ್ ಒತ್ತುತ್ತೆ. ಆ ಕಾಲಿನ ಒಂದು ಕ್ಲೋಸಪ್ ನಿಮ್ಮ ಎರಡು ಪುಟದ ಡೈಲಾಗಿಗೆ ಸಮ. ಇನ್ನೊಂದು ಟೋಲ್. ನೆಲಮಂಗಲ ದಾಟಿದ ಮೇಲೆ ಬೂತ್ ಕಂಡ ಕೂಡಲೇ ಅಪ್ಪ ಅಂಗಿ ಜೇಬಿಗೆ ಕೈ ಹಾಕಿ ನೋಟು ತೆಗೀತಾರೆ. ಅಷ್ಟರಲ್ಲಿ ಫಾಸ್ಟ್ಯಾಗ್ ಓದಿ ಗೇಟು ಎದ್ದಿರುತ್ತೆ, ದುಡ್ಡು ಕಟ್ ಆದ ಮೆಸೇಜು ಮಗನ ಫೋನಿಗೆ ಬರುತ್ತೆ. ನೋಟು ಕೈಲೇ ಉಳಿಯುತ್ತೆ. ಮಗ ‘ಇಟ್ಕೊಳಪ್ಪ’ ಅಂದ್ರೆ ಒಂದು ಸಿನಿಮಾ, ಆ ನೋಟನ್ನ ಇಸ್ಕೊಂಡು ಡ್ಯಾಶ್‌ಬೋರ್ಡ್ ಮೇಲೆ ಇಟ್ರೆ ಬೇರೆಯದೇ ಸಿನಿಮಾ. ಯಾವುದು ಅಂತ ತೀರ್ಮಾನ ಮಾಡಿದ ಮೇಲೆ ಕ್ಲೈಮ್ಯಾಕ್ಸ್ ಯೋಚಿಸಿ. ಶಿರಾಡಿ ಘಾಟಿ ತಿರುವುಗಳಲ್ಲಿ ಮಗ ತಡವರಿಸ್ಲಿ, ಹಿಂದಿನ ಲಾರಿ ಹಾರ್ನ್ ಹೊಡೀಲಿ, ಅವನು ಸೈಡಿಗೆ ನಿಲ್ಲಿಸಿ ಕೀ ಅಪ್ಪನ ಕೈಗೆ ಕೊಡಲಿ. ಸೋಲು ಮಗನದೂ ಇರಬೇಕು.

ಶೂಟಿಂಗ್ ವಿಚಾರ. ಡ್ರೈವರ್ ಬೆಲ್ಟ್ ಬಲ ಭುಜದಿಂದ ಎಡಕ್ಕೆ ಇಳಿಯುತ್ತೆ, ಕಾಲರ್ ಮೈಕನ್ನ ಅದರ ದಾರಿಗೆ ಸಿಕ್ಕಿಸಿದ್ರೆ ಪೂರ್ತಿ ಸರಪರ ಸದ್ದು. ಎಡ ಭುಜದ ಕಡೆ ಹಾಕಿ, ಇಲ್ಲ ಸನ್ ವೈಸರ್‌ಗೆ ಸಿಕ್ಕಿಸಿ. ಟೇಕ್ ಹೊತ್ತಲ್ಲಿ ಗಾಜು ಮೇಲೆ, ಎಸಿ ಆಫ್. ಎಂಜಿನ್ ಸದ್ದು ಬೇರೆಯಾಗಿ ಎರಡು-ಮೂರು ನಿಮಿಷ ರೆಕಾರ್ಡ್ ಮಾಡ್ಕೊಳ್ಳಿ, ಎಡಿಟಲ್ಲಿ ಮಾತಿನ ನಡುವಿನ ತೂತು ಮುಚ್ಚೋಕೆ ಬೇಕು. ಮುಂದಿನ ಗಾಜಿನಾಚೆಯಿಂದ ತೆಗೆಯೋ ಶಾಟಿಗೆ ಪೋಲರೈಸರ್ (ಲೆನ್ಸ್ ಮುಂದೆ ಹಾಕೋ, ಹೊಳಪು ತಡೆಯೋ ಫಿಲ್ಟರ್) ಹಾಕಿದ್ರೆ ಪ್ರತಿಬಿಂಬ ಕಡಿಮೆಯಾಗುತ್ತೆ, ಒಂದೂವರೆಯಿಂದ ಎರಡು ಸ್ಟಾಪ್ ಬೆಳಕೂ ಹೋಗುತ್ತೆ (ಒಂದು ಸ್ಟಾಪ್ ಹೋದ್ರೆ ಬೆಳಕು ಅರ್ಧ). ಪಕ್ಕದ ಗಾಜಿನ ಮೂಲಕ ತೆಗೆಯುವಾಗ ಅದನ್ನ ಬಿಚ್ಚಿಡಿ, ಕಾಯಿಸಿ ಗಟ್ಟಿ ಮಾಡಿದ ಆ ಟಫನ್ಡ್ ಗಾಜಲ್ಲಿ ಬಣ್ಣದ ಪಟ್ಟೆ ಮೂಡುತ್ತೆ. ಹಾಸನದ ಕಡೆ ಹೋಗುವಾಗ ಮಧ್ಯಾಹ್ನದ ಮೇಲೆ ಬಿಸಿಲು ನೇರ ಮುಖಕ್ಕೆ, ಕಣ್ಣು ಕಿರಿದಾಗುತ್ತೆ, ಆ ಹೊತ್ತಿನ ಕ್ಲೋಸಪ್ ಬೆಂಗಳೂರು ಕಡೆ ವಾಪಸ್ ಬರುವಾಗ ತೆಗೀರಿ, ದಿಕ್ಕು ಯಾರಿಗೂ ಗೊತ್ತಾಗಲ್ಲ. ನಟನೇ ಓಡಿಸ್ತಿದ್ರೆ ಉದ್ದದ ಡೈಲಾಗ್ ಕೊಡಬೇಡಿ, ಅಪಾಯ. ಮಳೆಗಾಲದಲ್ಲಂತೂ ಶಿರಾಡಿ ಇಟ್ಕೋಬೇಡಿ, ಗುಡ್ಡ ಕುಸಿದು ರಸ್ತೆ ಬಂದ್ ಆದ್ರೆ ಬಾಡಿಗೆ ಕ್ಯಾಮೆರಾದ ದುಡ್ಡು ಸಕಲೇಶಪುರದ ಲಾಡ್ಜಲ್ಲೇ ಕರಗಿಹೋಗುತ್ತೆ.