ಆರನೇ ಪುಟದ ಟೀ ಪಾತ್ರೆ

ಪ್ರಿಯ ಸಹೋದರಿ, ವಂದನೆಗಳು.

ಚಳ್ಳಕೆರೆಯಿಂದ ನೀವು ಕಳಿಸಿದ ‘ವಿಶ್ವಾಸಿಗೆ ದುಃಖವಿಲ್ಲ’ ಲೇಖನ ಕೈಸೇರಿದೆ. ಒಂಬತ್ತು ಪುಟ, ಮುದ್ದಾದ ಅಕ್ಷರ. ನಿನ್ನೆ ಸಂಜೆ ಇಲ್ಲಿ ದಾವಣಗೆರೆಯಲ್ಲಿ ಮಂಡಕ್ಕಿ ಮೆಣಸಿನಕಾಯಿ ಮುಂದಿಟ್ಟುಕೊಂಡು ಓದಲು ಕೂತೆ. ಈಗಿರುವ ಹಾಗೆ ಇದನ್ನು ನಮ್ಮ ಮಾಸಪತ್ರಿಕೆಗೆ ಹಾಕಲು ಆಗುವುದಿಲ್ಲ. ಕಾರಣ ಹೇಳದೆ ಸುಮ್ನೆ ವಾಪಸ್ ಕಳಿಸಲು ಮನಸ್ಸಾಗಲಿಲ್ಲ, ಅದಕ್ಕೇ ಈ ಕಾಗದ.

ಮೊದಲ ಐದು ಪುಟ ಓದುವಾಗ ನನ್ನ ಗಮನ ಮಂಡಕ್ಕಿ ಕಡೆಗೇ ಜಾಸ್ತಿ ಇತ್ತು. ಬೇಜಾರಾಗಬೇಡಿ. ಜಯಕರ ಜೀವನ, ಆತ್ಮಿಕ ಬೆಳವಣಿಗೆ, ಲೋಕದ ಚಿಂತೆಗಳು... ಈ ಮಾತುಗಳನ್ನು ಭಾನುವಾರ ಭಾನುವಾರ ಕೇಳುತ್ತೇವೆ. ಆ ಐದು ಪುಟವನ್ನು ಯಾರು ಬೇಕಾದರೂ ಬರೆಯಬಹುದಿತ್ತು.

ಆರನೇ ಪುಟಕ್ಕೆ ಬಂದಾಗ ಕೈ ನಿಂತಿತು. ನಿಮ್ಮ ತಂದೆ ತೀರಿಕೊಂಡ ಮೂರನೇ ದಿನ, ಮನೆಯಲ್ಲಿ ಪ್ರಾರ್ಥನಾ ಕೂಟ. ಸಭೆಯ ಹಿರಿಯರೊಬ್ಬರು “ಅಳಬೇಡಮ್ಮ, ಅವರು ಕರ್ತನ ಹತ್ರ ಇದ್ದಾರೆ” ಅಂದರು. ನಿಮ್ಮ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋಗಿ ನಲವತ್ತು ಜನಕ್ಕೆ ಟೀ ಇಟ್ಟರು. ಅಷ್ಟೇ. ಮರು ಸಾಲಿನಲ್ಲೇ ‘ದೇವರ ಸಮಾಧಾನ ಅಮ್ಮನನ್ನು ತುಂಬಿತು’ ಅಂತ ಬರೆದು ಬಾಗಿಲು ಹಾಕಿಬಿಟ್ಟಿದ್ದೀರಿ. ತುಂಬಿತು ಅಂತ ನಿಮಗೆ ಹೇಗೆ ಗೊತ್ತು? ಅಡುಗೆಮನೆಗೆ ಹೋಗಿ ನೋಡಿದ್ರಾ? ಅವರು ಒಲೆ ಮುಂದೆ ಎಷ್ಟು ಹೊತ್ತು ನಿಂತಿದ್ದರು? ಟೀ ಉಕ್ಕಿತಾ? ಓದುವವರಿಗೆ ಬೇಕಾದ್ದು ಅದು. ನೀವು ಅದನ್ನು ಬಿಟ್ಟು ಓಡಿದ್ದೀರಿ.

ಲೇಖನದಲ್ಲಿ 27 ಬೈಬಲ್ ವಾಕ್ಯಗಳಿವೆ, ಎಣಿಸಿದೆ. ನೋವು ಸ್ವಲ್ಪ ತಲೆ ಎತ್ತಿದ ಕಡೆಯೆಲ್ಲ ಒಂದು ವಾಕ್ಯ ತಂದು ಮುಚ್ಚಳದ ಹಾಗೆ ಮುಚ್ಚಿದ್ದೀರಿ. ಒಂದನ್ನಂತೂ ಕತ್ತರಿಸಿಯೇ ಹಾಕಿದ್ದೀರಿ. 1 ಥೆಸಲೊನೀಕ 4:13ರಲ್ಲಿ ಬರೀ ‘ದುಃಖಿಸಬಾರದು’ ಅಂತ ಇಲ್ಲ. ನಿರೀಕ್ಷೆಯಿಲ್ಲದ ಇತರರ ಹಾಗೆ ದುಃಖಿಸಬಾರದು ಅಂತಿದೆ. ‘ಇತರರ ಹಾಗೆ’ ಬಿಟ್ಟರೆ ಆ ಪತ್ರ ಬರೆದ ಅಪೊಸ್ತಲ ಪೌಲ ಆಡದ ಮಾತನ್ನು ಅವನ ಬಾಯಿಗೆ ತುರುಕಿದಂತಾಯಿತು. ‘ಯಾವಾಗಲೂ ಕರ್ತನಲ್ಲಿ ಸಂತೋಷಿಸಿರಿ’ ಅನ್ನುವ ಅವನದೇ ಇನ್ನೊಂದು ಪತ್ರದ ಮಾತು, ಫಿಲಿಪ್ಪಿ 4:4, ಮೂರು ಸಲ ಬಂದಿದೆ. ಅದೇ ಪತ್ರದಲ್ಲಿ ಎರಡು ಅಧ್ಯಾಯ ಹಿಂದೆ ಹೋಗಿ. ಪೌಲನ ಜೊತೆ ಕೆಲಸಗಾರ ಎಪಫ್ರೊದೀತ ಕಾಯಿಲೆಯಿಂದ ಸಾಯುವ ಹಾಗಾಗಿದ್ದ. ಅವನು ಉಳಿದದ್ದರಿಂದ ದುಃಖದ ಮೇಲೆ ದುಃಖ ಬರೋದು ತಪ್ಪಿತು ಅಂತ ಇದೇ ಪೌಲ ಬರೆಯುತ್ತಾನೆ. ಬೈಬಲಿನ 150 ಕೀರ್ತನೆಗಳಲ್ಲಿ ಹೆಚ್ಚುಕಮ್ಮಿ ಮೂರರಲ್ಲೊಂದು ಪಾಲು ಗೋಳಿನದೇ. 88ನೆಯದು ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನು ಯಾರೂ ಕಿತ್ತುಹಾಕಲಿಲ್ಲ, ಅಲ್ವಾ?

ಏಳನೇ ಪುಟದ ಒಂದು ಸಾಲನ್ನು ಮಾತ್ರ ಎಷ್ಟು ತಿದ್ದಿ ಕಳಿಸಿದರೂ ಅಚ್ಚು ಹಾಕಲ್ಲ. ‘ಪ್ರಾರ್ಥಿಸುವವರ ಹತ್ತಿರ ಖಿನ್ನತೆ ಸುಳಿಯದು.’ ಇದೇ ಮಾತನ್ನು ನಾನೂ ಒಬ್ಬ ಹುಡುಗನಿಗೆ ಹೇಳಿದ್ದೆ. ತಿಂಗಳುಗಟ್ಟಲೆ ನಿದ್ದೆ ಇಲ್ಲ ಅಂತ ಬಂದಿದ್ದ. ಪ್ರಾರ್ಥನೆ ಕಡಿಮೆಯಾಗಿದೆ ಕಣಪ್ಪ ಅಂದುಬಿಟ್ಟೆ. ಆಮೇಲೆ ನನ್ನ ಮುಖ ನೋಡೋದನ್ನೇ ಬಿಟ್ಟ. ಅವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದದ್ದು ಅವನ ಅಕ್ಕ. ಮಾತ್ರೆ ನುಂಗಿದ, ನಿದ್ದೆ ಬಂತು, ನಿಧಾನಕ್ಕೆ ಸಭೆಗೂ ಬಂದ. ನನ್ನ ಪಕ್ಕ ಕೂರಲು ಮಾತ್ರ ಇನ್ನೂ ಒಂದು ವರ್ಷ ಹಿಡಿಯಿತು.

ಪ್ರವಾದಿ ಎಲೀಯನನ್ನು ನೋಡಿ. ಕರ್ಮೆಲ್ ಬೆಟ್ಟದ ಮೇಲೆ ಪ್ರಾರ್ಥಿಸಿದ, ಬೆಂಕಿ ಬಿತ್ತು. ಮರು ಅಧ್ಯಾಯದಲ್ಲೇ ಅಡವಿಯ ಗಿಡವೊಂದರ ಕೆಳಗೆ ಕೂತು ಸಾಕು, ನನ್ನ ಪ್ರಾಣ ತೆಗೆದುಕೋ ಅನ್ನುತ್ತಾನೆ. ದೇವದೂತ ಬಂದವನು ಪ್ರಸಂಗ ಮಾಡಲಿಲ್ಲ. ತಟ್ಟಿ ಎಬ್ಬಿಸಿ ರೊಟ್ಟಿ ತಿನ್ನು ಅಂದ. ತಿಂದು, ನೀರು ಕುಡಿದು, ಮತ್ತೆ ಮಲಗಿದ. ಎರಡನೇ ಸಲವೂ ಊಟವೇ. ದೇವರ ಜೊತೆ ಮಾತುಕತೆ ಆಗಿದ್ದು ಹೋರೇಬ್ ಬೆಟ್ಟ ತಲುಪಿದ ಮೇಲೆ.

ಖಿನ್ನತೆ ಬಗ್ಗೆ ಬರೆಯಲೇಬೇಕು ಅನಿಸಿದರೆ ಆ ಸಾಲಿನ ಜಾಗದಲ್ಲಿ ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿಯ ನಂಬರ್ 14416 ಹಾಕಿ. ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಕೆಲಸದ ಮಾತು. ಒಂಬತ್ತು ಪುಟವನ್ನು ಮೂರು ಮಾಡಿ. ಟೀ ಪಾತ್ರೆಯಿಂದಲೇ ಶುರು ಮಾಡಿ. ಬೈಬಲ್ ವಾಕ್ಯ ಎರಡು ಸಾಕು, ಅವು ನಿಮ್ಮ ತಾಯಿಯ ಬಾಯಲ್ಲಿ ಬಂದರೆ ಇನ್ನೂ ಒಳ್ಳೆಯದು. ಬರೆಯೋ ಮುಂಚೆ ಅವರನ್ನೇ ಕೇಳಿ: ಅವತ್ತು ಒಳಗೆ ಏನಾಯ್ತಮ್ಮ? ‘ಏನೂ ಇಲ್ಲ ಬಿಡು’ ಅಂದರೆ ಅದನ್ನೂ ಬರೆಯಿರಿ. ಅಚ್ಚಿಗೆ ಹೋಗುವ ಮೊದಲು ಅವರಿಗೆ ಓದಿ ಹೇಳಿ; ಅವರು ಬೇಡ ಅಂದರೆ ಬೇಡ, ಬೇರೆ ಏನಾದರೂ ಕಳಿಸುವಿರಂತೆ.

ನಿಮ್ಮ ಪ್ರತಿಯನ್ನು ಪೆನ್ಸಿಲ್ ಗುರುತಿನ ಜೊತೆ ವಾಪಸ್ ಕಳಿಸುತ್ತಿದ್ದೇನೆ. ಆರನೇ ಪುಟದ ಮೇಲೆ ಮೆಣಸಿನಕಾಯಿಯ ಎಣ್ಣೆ ಕಲೆಯಾಗಿದೆ, ಕ್ಷಮಿಸಿ. ಅಲ್ಲೇ ಜಾಸ್ತಿ ಹೊತ್ತು ಕೂತಿದ್ದೆ.

ನಿಮ್ಮ ಸಹೋದರ,
ಸಂಪಾದಕ