ಪ್ರತಿಕ್ರಿಯೆ: ಹುಲಿ ಸಾಯದ ‘ಗೋವಿನ ಹಾಡು’

ನಿಮ್ಮ ಮಗಳು ನೋಡಿದ ಕಾರ್ಟೂನಿನಲ್ಲಿ ಪುಣ್ಯಕೋಟಿಯನ್ನು ಬಿಟ್ಟ ಹುಲಿ ನಗುತ್ತಾ ಕಾಡಿಗೆ ಮರಳುತ್ತದೆ. ಕಥೆ ಅದೇ ಇದ್ದರೂ ಹಾಡಿನ ಭಾವ ಎಲ್ಲಿ ಹೋಯಿತು ಎಂದು ಕೇಳಿದ್ದೀರಿ. ಹಾಡಿನಲ್ಲಿ ಅರ್ಬುತ ಎಂಬ ಆ ಹುಲಿ ಪಶ್ಚಾತ್ತಾಪದಿಂದ ಪ್ರಾಣವನ್ನೇ ಬಿಡುತ್ತದೆ, ಕಾರ್ಟೂನಿನಲ್ಲಿ ಅದು ಒಂದು ಬದಲಾವಣೆ. ನನಗಂತೂ ಹೆಚ್ಚು ನೋವಾಗುವುದು ಕರುವಿನ ಮಾತು ಕಳೆದುಹೋದದ್ದಕ್ಕೆ. ಯಾರ ಹಾಲು ಕುಡಿಯಲಿ, ಯಾರ ಬಳಿ ಮಲಗಲಿ ಎಂದು ಕರು ಒಂದೊಂದಾಗಿ ಕೇಳುತ್ತದೆ. ಇಲ್ಲಿ ಕಲಬುರಗಿಯಲ್ಲಿ ನನ್ನ ಅಜ್ಜಿ ಜೋಳದ ರೊಟ್ಟಿ ಬಡಿಯುತ್ತಾ, ಅಂಗೈಯ ಸದ್ದನ್ನೇ ತಾಳ ಮಾಡಿಕೊಂಡು ಇದನ್ನು ಹಾಡುತ್ತಿದ್ದರು. ಕರುವಿನ ಪ್ರಶ್ನೆ ಬಂದಾಗ ಹಿಟ್ಟು ಮೆತ್ತಿದ ಕೈ ನಿಂತುಬಿಡುತ್ತಿತ್ತು, ಹಂಚಿನ ಮೇಲಿನ ರೊಟ್ಟಿ ಸೀದರೂ ಸರಿ. ಕಾರ್ಟೂನಿಗೆ ಆ ವ್ಯವಧಾನವಿಲ್ಲ: ಅಗಲವಾದ ಒದ್ದೆ ಕಣ್ಣು, ಪಿಟೀಲು, ತಕ್ಷಣ ಮುಂದಿನ ದೃಶ್ಯ. ಮಗಳಿಗೆ ಒಮ್ಮೆ ನೀವೇ ಹಾಡಿ, ನಿಧಾನವಾಗಿ.