ಗೆಳೆಯನ ಎಡಿಎಚ್‌ಡಿ ಮಾತ್ರೆ ನುಂಗಿ ಪರೀಕ್ಷೆಗೆ ಓದಬಹುದೇ? ಮೀಥೈಲ್‌ಫೆನಿಡೇಟ್, ಮಾಡಾಫಿನಿಲ್ ಎರಡರಲ್ಲಿ ಯಾವುದು ಸುರಕ್ಷಿತ?

ಹನ್ನೊಂದು ದಿನ ಉಳಿದಿದೆ, ಮೂರು ವಿಷಯ ಮುಟ್ಟಿಯೇ ಇಲ್ಲ, ಗೆಳೆಯ ನಾಲ್ಕು ಮಾತ್ರೆ ಕೊಟ್ಟಿದ್ದಾನೆ ಎಂದು ಬರೆದಿದ್ದೀರಿ. ಐದನೇ ಸೆಮಿಸ್ಟರ್‌ನಲ್ಲಿ ನಾನೂ ಇದೇ ಲೆಕ್ಕ ಹಾಕಿಕೊಂಡು ಕೂತಿದ್ದೆ.

ನಾನು ಓದಿದ್ದು ಎಲೆಕ್ಟ್ರಾನಿಕ್ಸ್. ಹಾಸ್ಟೆಲ್ ಕೊಠಡಿಯಲ್ಲಿ ಜೊತೆಗಿದ್ದವನಿಗೆ ಪಿಯುಸಿ ಕಾಲದಲ್ಲೇ ಎಡಿಎಚ್‌ಡಿ, ಅಂದರೆ ಗಮನ ಒಂದೆಡೆ ನಿಲ್ಲದ ತೊಂದರೆ, ಇದೆಯೆಂದು ಮನೋವೈದ್ಯರು ಗುರುತಿಸಿದ್ದರು. ತಿಂಗಳಿಗೊಮ್ಮೆ ಚೀಟಿ ತೋರಿಸಿ ಎಣಿಸಿ ತರುತ್ತಿದ್ದ ಮೀಥೈಲ್‌ಫೆನಿಡೇಟ್ ಮಾತ್ರೆಗಳು ಅವನ ಟ್ರಂಕಿನಲ್ಲಿ, ಮನೆಯಿಂದ ಬಂದ ಚಕ್ಕುಲಿ ಡಬ್ಬಿಯ ಪಕ್ಕದಲ್ಲಿರುತ್ತಿದ್ದವು. ಮೊದಲ ಸಲ ಕೇಳಿ ಪಡೆದೆ. ಆಮೇಲೆ ಕೇಳುವುದನ್ನು ಬಿಟ್ಟೆ.

ಮೊದಲ ರಾತ್ರಿ ಅದ್ಭುತವೆನಿಸಿತು, ಸುಳ್ಳು ಹೇಳುವುದಿಲ್ಲ. ಹಸಿವಿಲ್ಲ, ಆಕಳಿಕೆಯಿಲ್ಲ, ಮೊಬೈಲಿನ ನೆನಪೂ ಇಲ್ಲ. ಬೆಳಿಗ್ಗೆ ನೋಡಿದರೆ ನಾಲ್ಕು ಬಣ್ಣದ ಪೆನ್ನಿನಲ್ಲಿ ಒಂದೇ ಮಾಡ್ಯೂಲಿನ ಹದಿನೇಳು ಪುಟ ಟಿಪ್ಪಣಿ. ಅರ್ಧ ರಾತ್ರಿ ಅಂಚಿಗೆ ಗೆರೆ ಎಳೆಯುವುದರಲ್ಲೇ ಕಳೆದಿತ್ತು. ಓದಿದ್ದೇನೆಂಬ ತೃಪ್ತಿ ಮಾತ್ರ ಹೊಟ್ಟೆ ತುಂಬ.

ನನಗೆ ದುಬಾರಿಯಾದ ತಪ್ಪು ನಡೆದದ್ದು ಕಂಟ್ರೋಲ್ ಸಿಸ್ಟಮ್ಸ್ ಪರೀಕ್ಷೆಯ ಹಿಂದಿನ ಸಂಜೆ. ಅಲ್ಲಿಯವರೆಗೆ ನಾನು ನುಂಗಿದ್ದು ಸಾದಾ ಮಾತ್ರೆ. ಅದರ ಪ್ರಭಾವ ಸುಮಾರು ನಾಲ್ಕು ಗಂಟೆಯಲ್ಲಿ ಇಳಿಯುತ್ತದೆ. ಎಂಟಕ್ಕೆ ನುಂಗಿದರೆ ಹನ್ನೆರಡು ದಾಟಿದ ಮೇಲೆ ಹೇಗೋ ನಿದ್ದೆ ಹತ್ತುತ್ತಿತ್ತು. ಆ ತಿಂಗಳು ವೈದ್ಯರು ಅವನಿಗೆ ನಿಧಾನವಾಗಿ ಕರಗುವ ಬಗೆಯದನ್ನು ಬರೆದುಕೊಟ್ಟಿದ್ದರು, ಬೆಳಿಗ್ಗೆ ಒಂದು ನುಂಗಿದರೆ ಕಾಲೇಜು ಬಿಡುವವರೆಗೆ ಸಾಕಾಗುವಂಥದ್ದು. ಸ್ಟ್ರಿಪ್ಪಿನ ಮೇಲೆ ಅದೇ ಹೆಸರು, ಪಕ್ಕದಲ್ಲಿ 'ಎಸ್‌ಆರ್' ಎಂಬ ಎರಡಕ್ಷರ ಹೆಚ್ಚು. ನಾನು ಆ ಅಕ್ಷರಗಳನ್ನು ನೋಡಿದ್ದೆ. ನೋಡಿ, ಕಂಪನಿಯ ಯಾವುದೋ ಗುರುತಿರಬೇಕು ಎಂದುಕೊಂಡೆ. ಎಂಟಕ್ಕೆ ಒಂದು ನುಂಗಿದೆ. ಒಂಬತ್ತಾದರೂ ಎಂದಿನಂತೆ ಏರಲಿಲ್ಲ. ಹಳೆಯ ಸರಕಿರಬೇಕೆಂದು ಇನ್ನೊಂದು ನುಂಗಿದೆ. ಮೊದಲನೆಯದು ಒಳಗೆ ಇನ್ನೂ ಬಿಚ್ಚಿಕೊಳ್ಳುತ್ತಿತ್ತು, ಎರಡನೆಯದು ಅದರ ಬೆನ್ನೇರಿತು. ಪಕ್ಕದ ಮಂಚದಲ್ಲಿ ಮಲಗಿದ್ದವನನ್ನು ಎಬ್ಬಿಸಿ 'ಎಸ್‌ಆರ್ ಎಂದರೇನು' ಎಂದು ಕೇಳಿದ್ದರೆ ಅರ್ಧ ನಿಮಿಷದಲ್ಲಿ ಹೇಳುತ್ತಿದ್ದ. ಕದ್ದವನು ಹೇಗೆ ಕೇಳಲಿ?

ನಸುಕಿನ ಮೂರಕ್ಕೆ ದವಡೆ ಬಿಗಿದಿತ್ತು, ಅಂಗೈ ತಣ್ಣಗಿತ್ತು, ಎದೆಯ ಬಡಿತ ದಿಂಬಿನಲ್ಲಿ ಕೇಳಿಸುತ್ತಿತ್ತು. ಆಗಲೇ ಆಸ್ಪತ್ರೆಗೆ ಹೋಗಬೇಕಿತ್ತು. ಗುಟ್ಟು ರಟ್ಟಾಗುವ ಭಯಕ್ಕೆ ಹೋಗಲಿಲ್ಲ. ಹೃದಯದ ತೊಂದರೆಯೇನಾದರೂ ಇದ್ದಿದ್ದರೆ ಈ ಉತ್ತರ ಬರೆಯಲು ನಾನಿರುತ್ತಿದ್ದೆನೋ ಇಲ್ಲವೋ.

ಬೆಳಿಗ್ಗೆ ಒಂಬತ್ತೂವರೆಗೆ ಪರೀಕ್ಷೆ. ವಿಟಿಯು ಪ್ರಶ್ನೆಪತ್ರಿಕೆ ನಿಮಗೆ ಗೊತ್ತಿರಬಹುದು: ಐದು ಮಾಡ್ಯೂಲ್, ಒಂದೊಂದರಿಂದ ಒಂದು ಪೂರ್ಣ ಪ್ರಶ್ನೆ, ತಲಾ 20 ಅಂಕ, ಮೂರು ಗಂಟೆ. ನಾನು ಬೋಡ್ ಪ್ಲಾಟ್ ಎಂಬ ಗ್ರಾಫಿನಿಂದ ಶುರು ಮಾಡಿದೆ. ಅದನ್ನೆಳೆಯುವ ಸೆಮಿಲಾಗ್ ಗ್ರಾಫ್ ಶೀಟಿನ ಮೇಲೆ ಗೆರೆ ಕೂದಲೆಳೆಯಷ್ಟು ಓರೆಯಾಯಿತು, ಅಳಿಸಿದೆ. ಮತ್ತೆ ಎಳೆದೆ, ಮತ್ತೆ ಅಳಿಸಿದೆ. ರಬ್ಬರ್ ಉಜ್ಜಿ ಶೀಟು ಹರಿಯಿತು, ಇನ್ನೊಂದು ಕೇಳಿದೆ. ಮೂರನೆಯದನ್ನು ಕೊಡುವಾಗ ಮೇಲ್ವಿಚಾರಕರು ನನ್ನ ಮುಖ ನೋಡಿದರು. ನನಗೋ ಆ ಗೆರೆಗಿಂತ ಮುಖ್ಯವಾದದ್ದು ಲೋಕದಲ್ಲಿ ಇರಲಿಲ್ಲ. ತಲೆಯೆತ್ತಿದಾಗ ಹನ್ನೊಂದೂ ಇಪ್ಪತ್ತು. ಬರೆದದ್ದು 10 ಅಂಕದ ಉತ್ತರ. ಉಳಿದ ಹೊತ್ತಿನಲ್ಲಿ ತಲೆ ಕುಸಿದು, ಒಂದೇ ಸಾಲನ್ನು ನಾಲ್ಕು ಸಲ ಓದಿದೆ. ಬಂದದ್ದು ನೂರಕ್ಕೆ 26 ಅಂಕ, ಫೇಲು. ಕ್ಯಾಂಪಸ್ಸಿಗೆ ಬಂದ ಮೊದಲ ಎರಡು ಕಂಪನಿಗಳು ಬ್ಯಾಕ್‌ಲಾಗ್, ಅಂದರೆ ಪಾಸಾಗದ ವಿಷಯ, ಇದ್ದವರನ್ನು ಕೂರಿಸಲೇ ಇಲ್ಲ.

ಇದು ನನ್ನೊಬ್ಬನ ಹಣೆಬರಹವಲ್ಲವೆಂದು ತಿಳಿದದ್ದು ಬಹಳ ತಡವಾಗಿ. 2023ರಲ್ಲಿ ಸೈನ್ಸ್ ಅಡ್ವಾನ್ಸಸ್ ಪತ್ರಿಕೆಯಲ್ಲಿ ಒಂದು ಪ್ರಯೋಗ ಪ್ರಕಟವಾಯಿತು. 40 ಮಂದಿ ಆರೋಗ್ಯವಂತರಿಗೆ ಈ ಬಗೆಯ ಔಷಧಿ ಅಥವಾ ಬರೀ ಹುಸಿಮಾತ್ರೆ ಕೊಟ್ಟು, ತೂಕದ ಮಿತಿಯೊಳಗೆ ಹೆಚ್ಚು ಬೆಲೆಯ ವಸ್ತುಗಳಿಂದ ಚೀಲ ತುಂಬುವ ಲೆಕ್ಕ ಬಿಡಿಸಲು ಹೇಳಿದರು. ಔಷಧಿ ನುಂಗಿದಾಗ ಹೆಚ್ಚು ಹೊತ್ತು ಹೆಣಗಿದರು, ವಸ್ತುಗಳನ್ನು ಹೆಚ್ಚು ಸಲ ಒಳಗೆ ಹಾಕಿ ಹೊರಗೆ ತೆಗೆದರು, ಆ ಹೆಣಗಾಟದ ಗುಣಮಟ್ಟ ಮಾತ್ರ ಇಳಿಯಿತು. ಓದಿದಾಗ ನನ್ನ ಮೂರು ಸೆಮಿಲಾಗ್ ಶೀಟುಗಳು ಕಣ್ಣಮುಂದೆ ಬಂದವು.

ಯಾವುದು ಸುರಕ್ಷಿತ ಎಂಬ ನಿಮ್ಮ ಪ್ರಶ್ನೆಯೇ ಸರಿಯಿಲ್ಲ. ನಿಮ್ಮ ರಕ್ತದೊತ್ತಡ ಎಷ್ಟೆಂದು ನೋಡಿ ಬರೆದುಕೊಟ್ಟ ಮಾತ್ರೆಯೇ ಅದು? ಮಾಡಾಫಿನಿಲ್ ಇರುವುದು ನಾರ್ಕೊಲೆಪ್ಸಿಯಂಥ ನಿದ್ರೆಯ ಕಾಯಿಲೆಗಳಿಗೆ. ದೇಹದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು 12ರಿಂದ 15 ಗಂಟೆ ಬೇಕು. ಸಂಜೆ ನುಂಗಿದರೆ ಆ ರಾತ್ರಿಯ ನಿದ್ದೆ ಹೋದಂತೆಯೇ. ಮೀಥೈಲ್‌ಫೆನಿಡೇಟ್ ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿದೆ. ಚೀಟಿಯಿಲ್ಲದೆ ಇಟ್ಟುಕೊಂಡರೆ ಅಪರಾಧ. ಚಿಕ್ಕಂದಿನಿಂದಲೂ ಮನಸ್ಸು ಒಂದೆಡೆ ನಿಲ್ಲುವುದಿಲ್ಲ ಎಂದಾದರೆ ಮನೋವೈದ್ಯರನ್ನು ಕಾಣಿ. ಎಲ್ಲಿಂದ ಶುರು ಮಾಡುವುದೆಂದು ತಿಳಿಯದಿದ್ದರೆ 14416ಕ್ಕೆ ಕರೆ ಮಾಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನವರು ಉಚಿತವಾಗಿ, ಕನ್ನಡದಲ್ಲೇ ಮಾತನಾಡುತ್ತಾರೆ. ಮೂರು ತಿಂಗಳು ಪುಸ್ತಕ ತೆರೆಯದಿರುವುದಷ್ಟೇ ನಿಮ್ಮ ಕಾಯಿಲೆಯಾದರೆ ಮೂರರಲ್ಲಿ ಒಂದು ವಿಷಯ ಕೈಬಿಟ್ಟು ಎರಡನ್ನು ಓದಿ, ರಾತ್ರಿ ಮಲಗಿ. ನಾನು ಮರುಪರೀಕ್ಷೆ ಪಾಸಾದದ್ದು ಹಾಗೆಯೇ.

ಒಂದು ಮಾತು ಬಿಟ್ಟುಹೋಯಿತು. ಆ ತಿಂಗಳ ಕೊನೆಯ ಆರು ದಿನ ನನ್ನ ಜೊತೆಗಾರನಿಗೆ ಮಾತ್ರೆ ಇರಲಿಲ್ಲ, ಅವನಿಗೂ ಪರೀಕ್ಷೆಯಿತ್ತು. ಟ್ರಂಕಿನ ಮುಂದೆ ಕೂತು ಸ್ಟ್ರಿಪ್ಪನ್ನು ಮತ್ತೆ ಮತ್ತೆ ಎಣಿಸುತ್ತಿದ್ದ, ತಾನೇ ಎಲ್ಲೋ ಕಳೆದಿರಬೇಕೆಂದು. ನಾನು ಟಿಪ್ಪಣಿಗೆ ಗೆರೆ ಎಳೆಯುತ್ತಿದ್ದೆ. ನಿಮ್ಮ ನಾಲ್ಕನ್ನೂ ಇಂದೇ ಹಿಂದಿರುಗಿಸಿ.